ಅವರಿಬ್ಬರನ್ನು ಒಂದು ಮಾಡಿಬಿಡು

ಯಕ್ಷಗಾನದ ತಾಳಮದ್ದಳೆ ಕೇಳಿ ಬೆಳೆದವರಿಗೆ ನಮ್ಮ ಭಾನುವಾರದ ಆಟವನ್ನು ವಿವರಿಸುವುದು ಕಷ್ಟವಲ್ಲ. ವೇಷವಿಲ್ಲ, ಕುಣಿತವಿಲ್ಲ. ನಾಲ್ಕೈದು ಜನ ಕುಳಿತುಕೊಂಡು, ತಾವು ವಹಿಸಿದ ಪಾತ್ರವಾಗಿ, ಆ ಕ್ಷಣಕ್ಕೆ ಹೊಳೆದ ಮಾತನ್ನು ಆಡುತ್ತಾರೆ. ಭಾಗವತರ ಜಾಗದಲ್ಲಿ ಕಥೆ ನಡೆಸುವವರೊಬ್ಬರು ಇರುತ್ತಾರೆ. ಆಟಗಾರರ ಬಾಯಲ್ಲಿ ಅವರು ಡಿಎಂ, ಅಂದರೆ ಡಂಜನ್ ಮಾಸ್ಟರ್. ನಮ್ಮ ಗುಂಪಿನ ಡಿಎಂ ನಾನು. ಊರು, ಹೊಳೆ, ಕಳ್ಳರು, ರಾಕ್ಷಸರು, ದಾರಿಯಲ್ಲಿ ಸಿಗುವ ಅಂಗಡಿಯವನು ಎಲ್ಲವೂ ನನ್ನ ಪಾಲು. ಮುಖ್ಯ ಪಾತ್ರಗಳ ಮನಸ್ಸು ಮಾತ್ರ ಆಟಗಾರರದು. ಒಂದು ಕೆಲಸ ಆಗುತ್ತದೋ ಇಲ್ಲವೋ ಎಂಬ ಸಂಶಯ ಬಂದಾಗ ಇಪ್ಪತ್ತು ಮುಖಗಳ ದಾಳ ಉರುಳುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈಗ ಮುಂಬೈ ಬಳಿಯ ಡೊಂಬಿವಲಿ ಪೂರ್ವದ ಮನೆಗಳಲ್ಲಿ ಕನ್ನಡದಲ್ಲಿ ನಡೆಯುತ್ತಿದೆ.

ಈ ಆಟವನ್ನು ಆಡುವವರಷ್ಟೇ ಅಲ್ಲ, ಬೇರೆಯವರು ಆಡುವುದನ್ನು ಗಂಟೆಗಟ್ಟಲೆ ಕುಳಿತು ನೋಡುವವರೂ ಜಗತ್ತಿನಲ್ಲಿ ತುಂಬಾ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ‘ಕ್ರಿಟಿಕಲ್ ರೋಲ್’ ಗೊತ್ತು. 2015ರ ಮಾರ್ಚ್‌ನಲ್ಲಿ ಆರಂಭವಾದ ಕಾರ್ಯಕ್ರಮ ಅದು. ಆಡುವವರು ವೃತ್ತಿಯಿಂದ ಕಂಠದಾನ ಕಲಾವಿದರು. 2022ರ ಮೇ ಮತ್ತು ಜೂನ್‌ನಲ್ಲಿ ಅವರು ‘ಎಕ್ಸಾಂಡ್ರಿಯಾ ಅನ್‌ಲಿಮಿಟೆಡ್: ಕಲ್ಯಾಮಿಟಿ’ ಎಂಬ ನಾಲ್ಕು ಸಂಚಿಕೆಗಳ ಕಥೆಯನ್ನು ಹೊರತಂದರು. ನಡೆಸಿದವರು ಬ್ರೆನನ್ ಲೀ ಮಲ್ಲಿಗನ್. ಅವಲೀರ್ ಎಂಬ ಹಾರುವ ನಗರ, ಅದರ ಕೊನೆಯ ದಿನಗಳು. ನಗರ ಉಳಿಯುವುದಿಲ್ಲವೆಂದು ಆ ಲೋಕದ ಹಿಂದಿನ ಕಥೆಗಳನ್ನು ಬಲ್ಲ ಪ್ರೇಕ್ಷಕರಿಗೆಲ್ಲ ಮೊದಲೇ ಗೊತ್ತಿತ್ತು. ಕರ್ಣಪರ್ವಕ್ಕೆ ಹೋಗುವವರಿಗೆ ಕರ್ಣ ಬದುಕುವುದಿಲ್ಲವೆಂದು ಗೊತ್ತಿರುವುದಿಲ್ಲವೇ? ಸಾಯುವ ಮೊದಲು ಅವನು ಏನು ಹೇಳುತ್ತಾನೆ ಎಂದು ಕೇಳುವುದಕ್ಕಾಗಿಯೇ ಹೋಗುತ್ತಾರೆ.

ಆ ನಗರದ ಮಂತ್ರಶಿಲ್ಪದ ಹೊಣೆ ಹೊತ್ತವಳು ಲೇರಿನ್. ಆಡಿದವರು ಆಬ್ರಿಯಾ ಅಯ್ಯಂಗಾರ್. ನಗರದ ಸುದ್ದಿಯನ್ನೆಲ್ಲ ಸಾರುವವನು ಲೊಕ್ವೇಷಿಯಸ್. ಆಡಿದವರು ಸ್ಯಾಮ್ ರೀಗೆಲ್. ಇವರಿಬ್ಬರೂ ಮೊದಲು ಗಂಡ ಹೆಂಡತಿ. ಕಥೆ ಆರಂಭವಾಗುವ ಹೊತ್ತಿಗೆ ಬೇರೆಯಾಗಿದ್ದಾರೆ, ಆದರೂ ಅವಳ ಪೂರ್ತಿ ಹೆಸರು ಲೇರಿನ್ ಕೋರಮಾರ್-ಸೀಲಿ, ಅವನದು ಲೊಕ್ವೇಷಿಯಸ್ ಸೀಲಿ. ಒಂದೇ ಗೆಳೆಯರ ಬಳಗದಲ್ಲಿ ಇದ್ದಾರೆ, ಒಂದೇ ಮೇಜಿಗೆ ಬರುತ್ತಾರೆ, ಒಬ್ಬರ ಕೆಲಸವನ್ನು ಇನ್ನೊಬ್ಬರು ಗೌರವಿಸುತ್ತಾರೆ. ಜಗಳವಾಡಿ ಮುಖ ತಿರುಗಿಸುವ ಮಾಜಿ ದಂಪತಿಯನ್ನು ನಾವು ಧಾರಾವಾಹಿಗಳಲ್ಲಿ ಬೇಕಾದಷ್ಟು ನೋಡಿದ್ದೇವೆ. ಇಂಥವರನ್ನು ನಾನು ತೆರೆಯ ಮೇಲೆ ಅದಕ್ಕೆ ಮೊದಲು ನೋಡಿರಲಿಲ್ಲ. ಅಭಿಮಾನಿಗಳು ಇವರಿಬ್ಬರ ಚಿತ್ರ ಬಿಡಿಸಿದರು, ಅವರ ಮದುವೆಯ ದಿನಗಳನ್ನು ಕಲ್ಪಿಸಿ ಕಥೆ ಬರೆದರು, ಅತ್ತರು.

ನಮ್ಮ ಮನೆಯಲ್ಲಿ ಅತ್ತವಳು ಅಕ್ಕನ ಮಗಳು. ಕಾಲೇಜಿನಿಂದ ಬಂದು ನನ್ನ ಜೊತೆ ಕುಳಿತು ನಾಲ್ಕೂ ಸಂಚಿಕೆಗಳನ್ನು ನೋಡಿದಳು. “ಇಷ್ಟು ಪ್ರೀತಿ ಇದ್ದ ಮೇಲೆ ಬೇರೆಯಾಗುವುದೇಕೆ ಚಿಕ್ಕಮ್ಮಾ?” ಎಂದು ಕೇಳಿದಳು. ಅವಳ ಅಪ್ಪ ಅಮ್ಮ ಬೇರೆಯಾಗಿ ಬಹಳ ವರ್ಷವಾಯಿತು. ಭಾವ ಕುಂದಾಪುರದಲ್ಲಿದ್ದಾರೆ, ನಾನು ಈಗಲೂ ಅವರನ್ನು ಭಾವ ಎಂದೇ ಕರೆಯುತ್ತೇನೆ. ಅಕ್ಕ ಆಗ ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದಳು, ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಉತ್ತರ ಕೊಡಬೇಕಾದವಳು ನಾನಲ್ಲ.

ಆ ಕಥೆಯನ್ನು ನೋಡಿ ಪ್ರಭಾವಿತರಾದವರು ಇನ್ನೂ ಇಬ್ಬರಿದ್ದರು, ನಮ್ಮ ಗುಂಪಿನವರೇ. ಒಬ್ಬರು ಮುಲುಂಡ್‌ನಿಂದ ಬರುವ ನನ್ನ ಸಹೋದ್ಯೋಗಿ, ಧಾರವಾಡದವರು. ಇನ್ನೊಬ್ಬಳು ಠಾಣೆಯ ಶಾಲೆಯೊಂದರಲ್ಲಿ ಗಣಿತ ಕಲಿಸುವ ಗೆಳತಿ. ಇಬ್ಬರಿಗೂ ಅವರವರ ಸಂಸಾರವಿದೆ. ಹೊಸ ಕಥೆ ಆರಂಭಿಸುವಾಗ ತಾವು ಮಾಜಿ ದಂಪತಿಯಾಗಿ ಆಡುತ್ತೇವೆ ಎಂದರು. ಅವನು ನದೀಮುಖದ ಅಂಬಿಗ, ಅವಳು ದೀಪಸ್ತಂಭ ಕಟ್ಟುವವಳು. ಏಕೆ ಬೇರೆಯಾದರು ಎಂಬುದನ್ನು ಇಬ್ಬರೇ ಕುಳಿತು ಮಾತನಾಡಿ ನಿಶ್ಚಯಿಸಿಕೊಂಡರು, ನನಗೂ ತಿಳಿಸಿದರು, ಆದರೆ ಇಬ್ಬರೂ ಒಪ್ಪದೆ ಅದನ್ನು ಆಟದಲ್ಲಿ ಬಾಯಿಬಿಡುವುದಿಲ್ಲವೆಂದು ಗೊತ್ತು ಮಾಡಿಕೊಂಡರು. ಮೇಜಿನ ನಡುವೆ ಎಕ್ಸ್ ಗುರುತಿನ ಕಾರ್ಡ್ ಇಟ್ಟೆವು. ಜಾನ್ ಸ್ಟಾವ್ರೊಪೌಲಸ್ ಎಂಬವರು ರೂಪಿಸಿದ ಕ್ರಮ ಅದು: ಆಟ ಯಾರ ಮನಸ್ಸಿಗಾದರೂ ಭಾರವಾದರೆ ಕಾರ್ಡನ್ನು ಮುಟ್ಟಿದರೆ ಸಾಕು, ಆ ಪ್ರಸಂಗವನ್ನು ಅಲ್ಲಿಗೇ ಬಿಡಬೇಕು, ಕಾರಣ ಕೇಳಬಾರದು. ಬಿಟ್ಟುಹೋದ ಸಂಬಂಧವನ್ನು ಆಡುವುದಕ್ಕೆ ಇಷ್ಟು ಎಚ್ಚರ ಬೇಕೇ ಬೇಕು. ದೆವ್ವವನ್ನೂ ಡ್ರ್ಯಾಗನ್ನನ್ನೂ ಜೀವನದಲ್ಲಿ ಎದುರಿಸಿದವರು ಇಲ್ಲ. ಇದನ್ನು ಎದುರಿಸಿದವರು ಪ್ರತಿ ಮನೆಯಲ್ಲಿದ್ದಾರೆ.

ನಾನು ಹೇಳಬೇಕೆಂದಿರುವುದು ಜುಲೈನ ಒಂದು ಭಾನುವಾರದ ಸಂಗತಿ. ಮಧ್ಯ ರೈಲ್ವೆಯಲ್ಲಿ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗಾಗಿ ರೈಲುಗಳ ಕಡಿತ ಇತ್ತು, ಮೇಲಿಂದ ಮಳೆ. ಎಂದಿನಂತೆ ಗೆಳತಿಯ ಮನೆಗೆ ಹೋಗುವುದು ಎಲ್ಲರಿಗೂ ಆಗದ ಮಾತಾಗಿ ಆಟ ನಮ್ಮ ಮನೆಗೆ ಬಂತು. ಅಮ್ಮ, ಅಕ್ಕ, ಅಕ್ಕನ ಮಗಳು ಮನೆಯಲ್ಲೇ ಇದ್ದರು. ಪಕ್ಕದ ಮನೆಯ ಮಾಮಿ ಮಾತಾಡಿಸಲು ಬಂದವರು ಕುಳಿತುಬಿಟ್ಟರು. ಅಪ್ಪನ ಹಳೆಯ ಗೆಳೆಯರೊಬ್ಬರು ಊಟಕ್ಕೆ ಬಂದಿದ್ದರು. ಮುಂಬೈನ ಫೋರ್ಟ್ ಪ್ರದೇಶದ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಆಯುಸ್ಸು ಕಳೆದವರು, ನಮಗೆಲ್ಲ ಮಾವ. ಮಳೆಗಾಲದಲ್ಲಿ ಊರಿನ ಮೇಳಗಳಿಗೆ ಬಿಡುವು ಸಿಕ್ಕಿ ಕಲಾವಿದರು ಮುಂಬೈಗೆ ಬಂದಾಗ ಮಾತುಂಗಾ, ಕುರ್ಲಾ, ಸಾಂತಾಕ್ರೂಜ್ ಎಂದು ಸಭಾಂಗಣದಿಂದ ಸಭಾಂಗಣಕ್ಕೆ ಹೋಗಿ ತಾಳಮದ್ದಳೆ ಕೇಳಿದವರು. ತಾಳಮದ್ದಳೆಯ ಹೆಸರಾಂತ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಪಾತ್ರದ ಮಾತು ಬಂದರೆ ಇವತ್ತಿಗೂ ಅವರ ಬೆನ್ನು ನೆಟ್ಟಗಾಗುತ್ತದೆ. ಹೀಗೆ, ನಾವು ಕರೆಯದೆಯೇ ನಮ್ಮ ಆಟಕ್ಕೆ ಪ್ರೇಕ್ಷಕರು ಸೇರಿದರು.

ಕಥೆಯಲ್ಲಿ ಹೊಳೆಗೆ ನೆರೆ ಬಂದಿತ್ತು. ಆಚೆ ದಡದಲ್ಲಿ ಸಿಕ್ಕಿಕೊಂಡ ಮಕ್ಕಳನ್ನು ತರಲು ಅಂಬಿಗ ದೋಣಿ ಬಿಡಬೇಕು. ನಡುಹೊಳೆಯಲ್ಲಿ ಮರದ ದಿಮ್ಮಿ ಬಡಿಯಿತೆಂದೆ. ದೋಣಿಯನ್ನು ನಿಲ್ಲಿಸಿಕೊಳ್ಳಲು ದಾಳದಲ್ಲಿ 15 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕೆಂದೆ. ಸಹೋದ್ಯೋಗಿ ದಾಳ ಎತ್ತಿಕೊಂಡರು. ಅಷ್ಟರಲ್ಲಿ ಗೆಳತಿ, ಯಾರೂ ಕೇಳುವ ಮೊದಲೇ, “ಹಗ್ಗದ ಈ ತುದಿ ನನ್ನ ಕೈಯಲ್ಲಿದೆ” ಎಂದಳು.

ಆಟದ ನಿಯಮದಲ್ಲಿ ಇದಕ್ಕೆ ಬೆಲೆಯಿದೆ. ಇನ್ನೊಬ್ಬರು ನೆರವಿಗೆ ಬಂದರೆ ಒಂದರ ಬದಲು ಎರಡು ದಾಳ ಹಾಕಿ, ಹೆಚ್ಚು ಬಿದ್ದದ್ದನ್ನು ಹಿಡಿಯಬಹುದು. ಗೆಲ್ಲುವ ಸಾಧ್ಯತೆ ನೂರಕ್ಕೆ 30 ಇದ್ದದ್ದು 51ಕ್ಕೆ ಏರುತ್ತದೆ. ನೆರವು ಕೊಡುವವರು ಯಾರು, ಅವರಿಗೂ ನಿನಗೂ ಏನು ಸಂಬಂಧ ಎಂದು ನಿಯಮ ಕೇಳುವುದಿಲ್ಲ. ಒಂದು ದಾಳದಲ್ಲಿ 6 ಬಿತ್ತು. ಇನ್ನೊಂದು ತಟ್ಟೆಯ ಅಂಚಿಗೆ ತಾಗಿ ತಿರುಗಿ 17ಕ್ಕೆ ನಿಂತಿತು.

ಮನೆಯಲ್ಲಿ ಎದ್ದ ಸದ್ದಿಗೆ ಮೇಲಿನ ಮಹಡಿಯವರು ಇಣುಕಿ ನೋಡಿದರು. ಅಕ್ಕನ ಮಗಳು ಚಪ್ಪಾಳೆ ತಟ್ಟಿದಳು, ಮಾಮಿ ಸೆರಗಿನಿಂದ ಕಣ್ಣೊರೆಸಿಕೊಂಡರು. ದಡ ಸೇರಿದ ಅಂಬಿಗ, “ಗಂಟು ಹಾಕುವ ರೀತಿ ಬದಲಾಗಿಲ್ಲ ನಿನ್ನದು” ಎಂದ. ಅವಳು, “ನದಿಯೂ ಬದಲಾಗಿಲ್ಲ. ಮಕ್ಕಳನ್ನು ಮೊದಲು ಇಳಿಸು” ಎಂದಳು. ಮಾವ ತೊಡೆ ತಟ್ಟಿ, “ಅರ್ಥ ಎಂದರೆ ಇದು! ಎಷ್ಟು ಹೇಳಬೇಕೋ ಅಷ್ಟೇ ಹೇಳಿದಳು” ಎಂದರು. ತಾಳಮದ್ದಳೆಯಲ್ಲಿ ಪಾತ್ರವಾಗಿ ಆಡುವ ಮಾತಿಗೆ ಅರ್ಥ ಎನ್ನುತ್ತಾರೆ; ಗೆಳತಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇರೆ ಸಿಗಲಾರದು. ಆಗಲೇ ಅಮ್ಮ ನನ್ನ ಕಡೆ ತಿರುಗಿದರು.

“ಕಥೆ ನಡೆಸುವವಳು ನೀನೇ ಅಲ್ಲವೇ? ಅವರಿಬ್ಬರನ್ನು ಒಂದು ಮಾಡಿಬಿಡು.”

“ನನ್ನ ಕೈಯಲ್ಲಿಲ್ಲಮ್ಮ. ಹೊಳೆ ನನ್ನದು, ಅವರ ಮನಸ್ಸು ನನ್ನದಲ್ಲ.”

“ಹಗ್ಗ ಹಿಡಿದಳಲ್ಲ! ಇನ್ನೇನು ಬೇಕು?”

ಚಹಾಕ್ಕೆ ಎದ್ದಾಗ ಇನ್ನೊಂದು ಸಂಗತಿ ನಡೆಯಿತು. ಮಾಮಿ ಸಹೋದ್ಯೋಗಿಯ ಎದುರು ನಿಂತು, “ಅಂಥ ಹುಡುಗಿಯನ್ನು ಬಿಡಲು ನಿಮಗೆ ಮನಸ್ಸಾದರೂ ಹೇಗೆ ಬಂತು?” ಎಂದು ಕೇಳಿದರು. ಅವರು ನಕ್ಕರು. ಮಾಮಿ ನಗಲಿಲ್ಲ. “ಮನೆಯಲ್ಲಿ ಹೆಂಡತಿಯನ್ನಾದರೂ ಚೆನ್ನಾಗಿ ನೋಡಿಕೊಳ್ಳುತ್ತೀರೋ?” ಎಂದರು. ಸಹೋದ್ಯೋಗಿಯ ಮುಖ ಸಪ್ಪಗಾಯಿತು. ಆಮೇಲೆ ಬಾಲ್ಕನಿಯಲ್ಲಿ ನನಗೆ ಹೇಳಿದರು: “ಅಂಬಿಗನಿಗೆ ಬೈಯಲಿ, ಸಂತೋಷ. ನಾನು ಚೆನ್ನಾಗಿ ಆಡಿದೆ ಎಂದಾಯಿತು. ನನ್ನ ಮನೆಯವರೆಗೆ ಏಕೆ ಬರಬೇಕು?”

ಮಾಮಿ ಕೆಟ್ಟವರಲ್ಲ, ಆ ಅಂಬಿಗನನ್ನು ಅವರು ಪೂರ್ಣವಾಗಿ ನಂಬಿದ್ದರು ಅಷ್ಟೆ. ಆದರೆ ನಂಬಿಕೆ ಪಾತ್ರವನ್ನು ದಾಟಿ ಮನುಷ್ಯನ ಮೈಮೇಲೆ ಬಿದ್ದರೆ ಏನಾಗುತ್ತದೆಂದು ಕ್ರಿಟಿಕಲ್ ರೋಲ್ ಬಳಗದವರಿಗೇ ಚೆನ್ನಾಗಿ ಗೊತ್ತು. ಅದರ ಸ್ಥಾಪಕ ಸದಸ್ಯೆಯರಲ್ಲಿ ಒಬ್ಬರಾದ ಲಾರಾ ಬೇಲಿ 2020ರಲ್ಲಿ ಒಂದು ವಿಡಿಯೊ ಗೇಮ್‌ನಲ್ಲಿ ಆಬಿ ಎಂಬ ಪಾತ್ರಕ್ಕೆ ದನಿ ಕೊಟ್ಟರು. ಆಬಿ ಕಥೆಯಲ್ಲಿ ಮಾಡಿದ್ದಕ್ಕೆ ಲಾರಾಗೆ ಕೊಲೆ ಬೆದರಿಕೆಗಳು ಬಂದವು. ಆ ಪಾತ್ರವನ್ನು ಅಭಿನಯಿಸಿದ್ದಷ್ಟೇ ಅವರು ಮಾಡಿದ ಕೆಲಸ. ಮಾಮಿಯ ಮಾತಿಗೂ ಆ ಬೆದರಿಕೆಗೂ ಅಜಗಜಾಂತರವಿದೆ, ನಿಜ. ಹೊರಟ ಜಾಗ ಮಾತ್ರ ಒಂದೇ. ನಾನು ಒಳಗೆ ಹೋಗಿ, “ಮಾಮಿ, ಆಟ ನಿಂತಿರುವಾಗ ಅವರು ಅಂಬಿಗನಲ್ಲ. ಅಂಬಿಗನನ್ನು ಬೈಯಬೇಕಾದರೆ ಆಟ ನಡೆಯುವಾಗ ಬೈಯಿರಿ” ಎಂದೆ. ಮಾಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಚಹಾದ ಲೋಟವನ್ನು ತಾವೇ ಒಯ್ದು ಅವರ ಕೈಗೆ ಕೊಟ್ಟರು.

ಅಮ್ಮ ಮಾತ್ರ ಪಟ್ಟು ಬಿಟ್ಟಿರಲಿಲ್ಲ. ಅಕ್ಕನ ಮಗಳೂ ಅವರ ಜೊತೆ ಸೇರಿದಳು. ಹಗ್ಗ ಹಿಡಿದ ಮೇಲೆ ಮನೆಗೆ ಹೋಗಲೇಬೇಕು ಎಂಬುದು ಅಜ್ಜಿ ಮೊಮ್ಮಗಳ ಒಮ್ಮತದ ತೀರ್ಪು. ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದ ಅಕ್ಕ ಆಗ ಬಾಯಿ ತೆರೆದಳು.

“ಅತ್ತೆ ಹೋದಾಗ ನಾನು ಊರಿಗೆ ಹೋಗಿದ್ದೆನಲ್ಲ, ನೆನಪಿದೆಯೇ ಅಮ್ಮಾ?”

ನಮಗೆಲ್ಲ ನೆನಪಿತ್ತು. ಭಾವನ ತಾಯಿ ತೀರಿಕೊಂಡಾಗ ಅಕ್ಕ ಮತ್ಸ್ಯಗಂಧ ರೈಲಿನಲ್ಲಿ ಕುಂದಾಪುರಕ್ಕೆ ಹೋಗಿ, ಹದಿಮೂರು ಮುಗಿಯುವವರೆಗೂ ಆ ಮನೆಯಲ್ಲಿದ್ದು ಬಂದವರಿಗೆಲ್ಲ ಬಡಿಸಿದ್ದಳು.

“ಅತ್ತೆ ನನ್ನನ್ನು ಚೆನ್ನಾಗಿ ನೋಡಿಕೊಂಡಿದ್ದರು, ಅದಕ್ಕೆ ಹೋದೆ. ಅವರ ಮಗನಿಗೆ ಆ ಹೊತ್ತಿಗೆ ಯಾರೂ ಇರಲಿಲ್ಲ, ಅದಕ್ಕೂ ಹೋದೆ. ಎರಡನೆಯ ದಿನಕ್ಕೇ ಊರಿನವರೆಲ್ಲ ನಮ್ಮನ್ನು ಒಂದು ಮಾಡಿಬಿಟ್ಟರು. ಬಡಿಸುವಾಗ ನಗುವುದು, ಅವರನ್ನೂ ನನ್ನನ್ನೂ ಒಂದೇ ಕೋಣೆಯಲ್ಲಿ ಬಿಟ್ಟು ಹೊರಗೆ ಹೋಗುವುದು. ನೀನೂ ಫೋನಿನಲ್ಲಿ ಅದನ್ನೇ ಕೇಳಿದೆ. ನಾನು ಮಾಡಿದ ಕೆಲಸವನ್ನು ಯಾರೂ ನೋಡಲೇ ಇಲ್ಲ ಅಮ್ಮಾ. ಅದರ ಮುಂದಿನದನ್ನೇ ನೋಡುತ್ತಿದ್ದರು.”

ಅಮ್ಮ ಏನೋ ಹೇಳಹೊರಟು ನಿಲ್ಲಿಸಿದರು.

“ಅವಳು ಹಗ್ಗ ಹಿಡಿದಳು. ಅವನು ಮುಳುಗಲಿಲ್ಲ. ಅಷ್ಟಕ್ಕೇ ಒಂದು ಬೆಲೆ ಇದೆಯೋ ಇಲ್ಲವೋ?” ಎಂದಳು ಅಕ್ಕ. ಆಮೇಲೆ ಗೆಳತಿಯ ಕಡೆ ತಿರುಗಿ, “ನೀವು ಸರಿಯಾಗಿ ಆಡಿದಿರಿ. ಅವನ ಮಾತು ಮುಗಿಯುವ ಮೊದಲೇ ಅದು ಎಲ್ಲಿ ಮುಗಿಯುತ್ತದೆಂದು ನಿಮಗೆ ಗೊತ್ತಿತ್ತು. ಅದು ಹಾಗೆಯೇ ಇರುತ್ತದೆ, ಹೋಗುವುದಿಲ್ಲ” ಎಂದಳು.

ಲೇರಿನ್ ಮತ್ತು ಲೊಕ್ವೇಷಿಯಸ್ ನನ್ನನ್ನು ಏಕೆ ಅಷ್ಟು ಹಿಡಿದಿಟ್ಟರೆಂದು ಆ ಮಾತು ಕೇಳಿದ ಮೇಲೆ ನನಗೆ ಸ್ಪಷ್ಟವಾಯಿತು. ಮತ್ತೆ ಒಂದಾಗುವರೇ ಎಂಬ ಕುತೂಹಲಕ್ಕೆ ನಾನು ಅವರನ್ನು ನೋಡುತ್ತಿರಲಿಲ್ಲ. ಮದುವೆ ಮುಗಿದ ಮೇಲೂ ಒಬ್ಬರು ಇನ್ನೊಬ್ಬರ ವಿಷಯದಲ್ಲಿ ಉಳಿಸಿಕೊಳ್ಳುವ ಮರ್ಯಾದೆಯನ್ನು ಇಬ್ಬರು ಕಲಾವಿದರು ಬರೆದಿಟ್ಟ ಮಾತಿಲ್ಲದೆ ಅಲ್ಲೇ ಕುಳಿತು ಹುಟ್ಟಿಸುತ್ತಿದ್ದರು. ನಗರ ನಾಶವಾಗುವ ಹೊತ್ತಿನಲ್ಲಿ ಅವರ ಪ್ರೀತಿ ಮಾತಾಗಿ ಹೊರಬಂದಾಗಲೂ ಅದು ಮೊದಲಿನ ಮದುವೆಯನ್ನು ಸರಿಪಡಿಸುವ ಮಾತಾಗಿ ನನಗೆ ಕೇಳಿಸಲಿಲ್ಲ. ಒಂದಾಗಲಿ ಎಂದು ಬಯಸುವ ಅಭಿಮಾನಿಗಳ ಆಸೆಯಲ್ಲಿ ಪ್ರೀತಿಯೇ ಇದೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಆಸೆಯ ಅವಸರದಲ್ಲಿ ಕಣ್ಣೆದುರಿಗೆ ನಡೆಯುತ್ತಿರುವುದು ಕಾಣದೆ ಹೋಗುತ್ತದೆ. ಅಕ್ಕ ಆ ಹದಿಮೂರು ದಿನಗಳಲ್ಲಿ ಮಾಡಿದ್ದು ನಮಗ್ಯಾರಿಗೂ ಕಾಣದೆ ಹೋದದ್ದು ಹೀಗೆಯೇ.

ಅಕ್ಕನ ಮಗಳು ಎದ್ದು ಹೋಗಿ ಅಕ್ಕನ ಪಕ್ಕದಲ್ಲಿ ನಿಂತಳು. “ಹದಿಮೂರು ದಿನವೂ ಅಲ್ಲೇ ಇದ್ದೆಯಾ? ಅಪ್ಪ ಏನು ಹೇಳಿದರು?” ಎಂದು ಕೇಳಿದಳು. ಇಬ್ಬರೂ ಮಾತನಾಡುತ್ತಾ ಒಳಗೆ ಹೋದರು. ಮಾವ ಗಡಿಯಾರ ನೋಡಿ, “ಪ್ರಸಂಗ ಅರ್ಧಕ್ಕೆ ನಿಂತಿದೆಯಲ್ಲ, ಭಾಗವತರೇ” ಎಂದು ನನ್ನನ್ನು ಎಚ್ಚರಿಸಿದರು. ನಾವು ಮತ್ತೆ ಮೇಜಿಗೆ ಕುಳಿತೆವು. ಮಳೆ ಇನ್ನೂ ಹೊಯ್ಯುತ್ತಿತ್ತು, ಕಥೆಯ ಹೊಳೆಯಲ್ಲಿ ಎರಡನೆಯ ಬಾರಿ ದೋಣಿ ಬಿಡಬೇಕಿತ್ತು.

ಅಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

“ಸರಿ, ಒಂದು ಮಾಡುವುದು ಬೇಡ. ಆದರೆ ಆ ಹುಡುಗನನ್ನು ಹೊಳೆಯಲ್ಲಿ ಮುಳುಗಿಸಬೇಡ, ನೋಡು.”

“ಅದು ದಾಳದ ಕೈಯಲ್ಲಿದೆ” ಎಂದೆ.

“ಹಾಗಾದರೆ ನಾನೂ ಹಗ್ಗ ಹಿಡಿಯಬಹುದೇ ಕೇಳು” ಎಂದರು ಅಮ್ಮ.