ಚೇಸ್ ಕೌಂಟಿಯ ಕಲ್ಲುಗೋಡೆಗಳು

ಅಮೆರಿಕದ ಕ್ಯಾನ್ಸಸ್ ರಾಜ್ಯದ ಚೇಸ್ ಕೌಂಟಿ ವಿಸ್ತಾರದಲ್ಲಿ ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟಿದೆ. ಅಲ್ಲಿರುವ ಜನ ಮಾತ್ರ ಎರಡೂವರೆ ಸಾವಿರದ ಆಸುಪಾಸು. ಕಣ್ಣು ಹಾಯಿಸಿದಷ್ಟು ದೂರ ಹುಲ್ಲು, ಮೇಯುವ ದನ, ಮತ್ತೆ ಹುಲ್ಲು. ನಮ್ಮ ಕಾಲೇಜಿನ ಸ್ಮರಣ ಸಂಚಿಕೆಗೆ ಆ ಊರಿನ ಕಥೆ ಯಾಕೆ ಎಂದು ಸಂಪಾದಕರು ಕೇಳಬಹುದು. ಕಾಲೇಜಿನಲ್ಲಿ ಕಲಿತದ್ದಕ್ಕೆಲ್ಲ ಅರ್ಥ ಸಿಕ್ಕಿದ್ದು ನನಗೆ ಅಲ್ಲಿಯೇ. ಹಾಗಾಗಿ ಹಾಸ್ಟೆಲ್ಲು, ಕ್ಯಾಂಟೀನು, ಗ್ಯಾದರಿಂಗ್‌ಗಳ ನೆನಪನ್ನು ಗೆಳೆಯರಿಗೆ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಕಲಬುರಗಿಯಲ್ಲಿ ಓದಿದವರಿಗೆ ಸುಣ್ಣಕಲ್ಲು ಹೊಸದೇನಲ್ಲ. ಶಹಾಬಾದ್ ಪರಸಿಯ ಮೇಲೆ ಅಂಬೆಗಾಲಿಟ್ಟು ಬೆಳೆದವರು ನಾವು. ಎರಡನೇ ವರ್ಷದಲ್ಲಿ ನಮ್ಮ ಸರ್ ಟೇಪು, ತೂಗುಗುಂಡು, ಡ್ರಾಯಿಂಗ್ ಬೋರ್ಡು ಹೊರಿಸಿಕೊಂಡು ಹಳೆಯ ವಾಡೆಗಳನ್ನು, ಅಂದರೆ ಹಳೇ ಕಾಲದ ದೊಡ್ಡ ಮನೆಗಳನ್ನು, ಅಳೆಯಲು ಕರೆದುಕೊಂಡು ಹೋಗುತ್ತಿದ್ದರು. ಶೈಲಿ ಯಾವುದು ಎಂದು ಯಾರಾದರೂ ಮೊದಲೇ ಬಾಯಿಬಿಟ್ಟರೆ ಅವರಿಗೆ ಹಿಡಿಸುತ್ತಿರಲಿಲ್ಲ. ಕಲ್ಲು ಎಲ್ಲಿಂದ ಬಂತು, ಯಾರು ಹೊತ್ತು ತಂದರು, ಗೋಡೆ ಎಷ್ಟು ದಪ್ಪ, ಅಷ್ಟು ದಪ್ಪ ಯಾಕೆ: ಇಷ್ಟಕ್ಕೆ ಉತ್ತರ ಸಿಕ್ಕಮೇಲೆ ಮುಂದಿನ ಮಾತು.

ಮುಂದೆ ಓದಲು ನಾನು ಸೇರಿದ್ದು ಕ್ಯಾನ್ಸಸ್ ಸ್ಟೇಟ್ ಯೂನಿವರ್ಸಿಟಿ. ಅದಿರುವ ಊರಿನ ಹೆಸರೂ ಮ್ಯಾನ್‌ಹ್ಯಾಟನ್ನೇ, ಆದರೆ ನ್ಯೂಯಾರ್ಕಿಗೂ ಅದಕ್ಕೂ ಸಾವಿರ ಮೈಲಿಗೂ ಹೆಚ್ಚಿನ ದೂರ. ಕ್ಯಾಂಪಸ್ಸಿನ ಹಳೆಯ ಕಟ್ಟಡಗಳೆಲ್ಲ ತಿಳಿಹಳದಿ ಸುಣ್ಣಕಲ್ಲಿನವು. ರಜೆಯ ದಿನಗಳಲ್ಲಿ ಸಹಪಾಠಿಗಳ ಕಾರಿನಲ್ಲಿ 177ನೇ ನಂಬರಿನ ರಾಜ್ಯ ಹೆದ್ದಾರಿ ಹಿಡಿದು, ಕೌನ್ಸಿಲ್ ಗ್ರೋವ್ ದಾಟಿ ದಕ್ಷಿಣಕ್ಕೆ ಇಳಿದರೆ ಚೇಸ್ ಕೌಂಟಿ.

ಈ ಸೀಮೆಗೆ ಫ್ಲಿಂಟ್ ಹಿಲ್ಸ್ ಎಂದು ಹೆಸರು. ಮೇಲೆ ಗೇಣುದ್ದ ಮಣ್ಣು, ಕೆಳಗೆ ಸುಣ್ಣಕಲ್ಲು, ಅದರೊಳಗೆ ಸಾಲುಸಾಲಾಗಿ ಚಕಮಕಿ ಕಲ್ಲು. ನೇಗಿಲು ಇಳಿಯುವಂತಿಲ್ಲ. ಅದರಿಂದಲೇ ಒಂದು ಕಾಲಕ್ಕೆ ಉತ್ತರ ಅಮೆರಿಕದ ನಡುಭಾಗವನ್ನೆಲ್ಲ ತುಂಬಿದ್ದ ಎತ್ತರದ ಹುಲ್ಲುಗಾವಲಿನಲ್ಲಿ ಇವತ್ತು ಉಳಿದಿರುವುದು ನೂರಕ್ಕೆ ನಾಲ್ಕು ಪಾಲಿಗಿಂತ ಕಡಿಮೆಯಾದರೂ, ಆ ಉಳಿದದ್ದರಲ್ಲಿ ಹೆಚ್ಚಿನದು ಇಲ್ಲಿದೆ. ಮರಗಳು ಬೆಳೆಯುವುದು ಹಳ್ಳದ ದಂಡೆಯಲ್ಲಿ ಮಾತ್ರ. ಬಂದು ನೆಲೆಸಿದವರಿಗೆ ಮನೆ ಕಟ್ಟಲು ಮರ ಸಾಲದು, ಕಲ್ಲು ಮಾತ್ರ ಕಾಲಡಿಯಲ್ಲೇ ಬೇಕಾದಷ್ಟು. ಕೌಂಟಿಯ ಕಟ್ಟಡಗಳ ಚರಿತ್ರೆಯೆಲ್ಲ ಇಲ್ಲಿಂದಲೇ ಶುರುವಾಗುತ್ತದೆ.

ಆ ಕಲ್ಲನ್ನು ಹತ್ತಿರದಿಂದ ನೋಡಬೇಕು. ಕಾಟನ್‌ವುಡ್ ಸುಣ್ಣಕಲ್ಲು ಎಂದು ಕರೆಯುವ ಪದರ ಸುಮಾರು ಆರು ಅಡಿ ದಪ್ಪದ್ದು. ಅದರ ಮೇಲ್ಭಾಗದ ಕಲ್ಲಿನಲ್ಲಿ ಗೋಧಿ ಕಾಳುಗಳನ್ನು ಚೆಲ್ಲಿದ ಹಾಗೆ ಚಿಕ್ಕ ಚಿಕ್ಕ ಉಬ್ಬುಗಳಿರುತ್ತವೆ. ಅವು ಫ್ಯೂಸುಲಿನಿಡ್ ಎಂಬ ಸಮುದ್ರಜೀವಿಗಳ ಚಿಪ್ಪುಗಳು. ಪರ್ಮಿಯನ್ ಯುಗದಲ್ಲಿ, ಅಂದರೆ 25 ಕೋಟಿ ವರ್ಷಗಳಿಗೂ ಹಿಂದೆ, ಈ ಹುಲ್ಲುಗಾವಲು ಕಡಲಿನ ತಳವಾಗಿತ್ತು. ಗೋಡೆಯ ಮೇಲೆ ಬೆರಳಾಡಿಸಿದರೆ ಕಾಳುಗಳು ತಗಲುತ್ತವೆ. ಗಣಿಯಿಂದ ಆಗತಾನೆ ತೆಗೆದ ಸುಣ್ಣಕಲ್ಲು ಹಸಿಯಾಗಿ ಮೆದುವಾಗಿರುತ್ತದೆ, ಗಾಳಿಗೆ ಒಣಗಿದಂತೆ ಗಟ್ಟಿಯಾಗುತ್ತದೆ. ಸಾಲಾಗಿ ರಂಧ್ರ ಕೊರೆದು, ಬೆಣೆ ಹೊಡೆದು ಸೀಳಿದ ಗುರುತು ಕೆಲವು ಕಲ್ಲುಗಳ ಅಂಚಿನಲ್ಲಿ ಇನ್ನೂ ಇದೆ. ನಮ್ಮ ಗೌಂಡಿಗಳಿಗೆ ಅದನ್ನು ತೋರಿಸಿದರೆ ವಿವರಣೆಯೇ ಬೇಕಾಗುವುದಿಲ್ಲ.

ಕೌಂಟಿಯ ಕೇಂದ್ರ ಕಾಟನ್‌ವುಡ್ ಫಾಲ್ಸ್. ಇಟ್ಟಿಗೆ ಹಾಸಿದ ಬ್ರಾಡ್‌ವೇ ಬೀದಿಯ ತುದಿಗೆ ನಿಂತಿರುವುದು 1873ರ ಕೋರ್ಟ್‌ಹೌಸ್, ಅಂದರೆ ಕೌಂಟಿಯ ನ್ಯಾಯಾಲಯವೂ ಕಚೇರಿಗಳೂ ಇರುವ ಕಟ್ಟಡ. ಮೂರು ಅಂತಸ್ತು, ಮೇಲೆ ಸಪಾಟಾಗಿ ಬದಿಗಳಲ್ಲಿ ಕಡಿದಾಗಿ ಇಳಿಯುವ ಮ್ಯಾನ್ಸಾರ್ಡ್ ಎಂಬ ಬಗೆಯ ಕೆಂಪು ಚಾವಣಿ, ಅದರ ಮೇಲೆ ಗಡಿಯಾರದ ಗೋಪುರ. ವಾಸ್ತುಶಿಲ್ಪಿ ಜಾನ್ ಜಿ. ಹ್ಯಾಸ್ಕೆಲ್ ಅವರು ಟೊಪೀಕಾದಲ್ಲಿರುವ ರಾಜ್ಯದ ವಿಧಾನಸಭಾ ಭವನದ ಕೆಲಸದಲ್ಲೂ ಇದ್ದವರು. ಆ ಭವನದ ಪೂರ್ವ ಭಾಗ ಬಿಟ್ಟು ಉಳಿದದ್ದಕ್ಕೆ ಕಲ್ಲು ಹೋದದ್ದು ಇದೇ ಊರಿನ ಗಣಿಗಳಿಂದ. ಮ್ಯಾನ್ಸಾರ್ಡ್ ಚಾವಣಿ ಮೂರನೇ ನೆಪೋಲಿಯನ್ನನ ಕಾಲದ ಪ್ಯಾರಿಸ್ಸಿನಲ್ಲಿ ಮೆರೆದದ್ದು. ಅದು ದನ ಮೇಯುವ ಈ ಬಯಲಿಗೆ ಹೇಗೆ ಬಂತು? ಅಂದಿನ ಅಮೆರಿಕದಲ್ಲಿ ಸರ್ಕಾರಿ ಕಟ್ಟಡ ಎಂದರೆ ಹೀಗೇ ಇರಬೇಕು ಎಂಬ ಭಾವನೆಯಿತ್ತು. ರೈಲೂ ಆಗತಾನೆ ಪಕ್ಕದ ಊರಿಗೆ ಬಂದಿತ್ತು. ಇನ್ನೂ ಸರಿಯಾಗಿ ಬೇರೂರದ ಒಂದು ಪುಟ್ಟ ಜನಸಮುದಾಯ ಇಷ್ಟು ದೊಡ್ಡ ಕಟ್ಟಡಕ್ಕೆ ಕೈಹಾಕಿದ್ದು ಧೈರ್ಯದ ಮಾತು. ನಾವು ಇಲ್ಲಿ ಉಳಿಯುತ್ತೇವೆ ಎಂದು ಕಲ್ಲಿನಲ್ಲಿ ಬರೆದ ಕಾಗದ ಅದು ಎಂದೇ ನನಗನ್ನಿಸಿದೆ.

ಒಳಗೆ ಹೋದರೆ ಕಣ್ಣಿಗೆ ಬೀಳುವುದು ಸುರುಳಿ ಮೆಟ್ಟಿಲು. ಕಾಟನ್‌ವುಡ್ ನದಿಯ ದಂಡೆಯಲ್ಲಿ ಕಡಿದ ವಾಲ್‌ನಟ್ ಮರದ್ದು. ಮೂರೂ ಅಂತಸ್ತನ್ನು ಹಾದು ಮೇಲಕ್ಕೇರುವ ಆ ಮೆಟ್ಟಿಲಿನ ಕೈಹಿಡಿ ಒಂದೂವರೆ ಶತಮಾನದ ಅಂಗೈಗಳು ಸವರಿ ನುಣುಪಾಗಿದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ಅಲ್ಲಿ ಈಗಲೂ ಕಚೇರಿ ನಡೆಯುತ್ತದೆ. ಕ್ಯಾನ್ಸಸ್‌ನಲ್ಲಿ ಇನ್ನೂ ಬಳಕೆಯಲ್ಲಿರುವ ಕೋರ್ಟ್‌ಹೌಸ್‌ಗಳಲ್ಲಿ ಇದೇ ಅತ್ಯಂತ ಹಳೆಯದು. ರೈತರು ಬೂಟುಗಾಲಲ್ಲಿ ಬಂದು ತೆರಿಗೆ ಕಟ್ಟುತ್ತಾರೆ, ಜಮೀನಿನ ಕಾಗದ ನೋಡುತ್ತಾರೆ. ಕಟ್ಟಡ ಉಳಿಯುವುದು ಬಳಕೆಯಿಂದ ಎಂದು ಸರ್ ಪಾಠದಲ್ಲಿ ಹೇಳುತ್ತಿದ್ದುದನ್ನು ನಾನು ಪೂರ್ತಿಯಾಗಿ ನಂಬಿದ್ದು ಆ ವರಾಂಡದಲ್ಲಿ ನಿಂತಾಗ.

ನದಿ ದಾಟಿ ಎರಡು ಮೈಲಿ ಹೋದರೆ ಸ್ಟ್ರಾಂಗ್ ಸಿಟಿ, ಸಾಂತಾ ಫೆ ರೈಲ್ವೆಯ ಅಧ್ಯಕ್ಷರೊಬ್ಬರ ಹೆಸರು ಹೊತ್ತ ಊರು. ಅದರಾಚೆಗಿದೆ ಸ್ಟೀಫನ್ ಜೋನ್ಸ್ ಎಂಬ ದನಗಳ ವ್ಯಾಪಾರಿ 1881ರಲ್ಲಿ ಕಟ್ಟಿಸಿದ ಸ್ಪ್ರಿಂಗ್ ಹಿಲ್ ರಾಂಚ್, ಅಂದರೆ ದನ ಸಾಕುವ ದೊಡ್ಡ ತೋಟದಮನೆ. ಹನ್ನೊಂದು ಕೋಣೆಗಳ ಮನೆ, ಅದಕ್ಕೂ ಮ್ಯಾನ್ಸಾರ್ಡ್ ಚಾವಣಿ. ಬಂದವರೆಲ್ಲ ಮನೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನನ್ನ ಮನಸ್ಸು ನಿಂತದ್ದು ಕೊಟ್ಟಿಗೆಯಲ್ಲಿ. 110 ಅಡಿ ಉದ್ದ, 60 ಅಡಿ ಅಗಲ, ಮೂರು ಅಂತಸ್ತು, ಎಲ್ಲವೂ ಸುಣ್ಣಕಲ್ಲು. ಗುಡ್ಡದ ಇಳಿಜಾರಿಗೆ ಒತ್ತಿ ಕಟ್ಟಿರುವುದರಿಂದ, ಹುಲ್ಲಿನ ಬಂಡಿ ಮೇಲಿನ ಬದಿಯ ಇಳಿಜಾರು ದಾರಿಯಲ್ಲಿ ನೇರವಾಗಿ ಮೇಲಂತಸ್ತಿಗೇ ಹೋಗುತ್ತಿತ್ತು. ಮೇವನ್ನು ಯಾರೂ ಮೇಲಕ್ಕೆ ಎತ್ತಬೇಕಿಲ್ಲ, ಕೆಳಗಿರುವ ಪ್ರಾಣಿಗಳಿಗೆ ತಳ್ಳಿದರೆ ಸಾಕು. ನೆಲದ ಏರಿಳಿತವನ್ನೇ ಕೆಲಸಕ್ಕೆ ಹಚ್ಚಿದ ಈ ಜಾಣ್ಮೆ ಎದುರು ಮನೆಯ ಅಲಂಕಾರವೆಲ್ಲ ನನಗೆ ಎರಡನೆಯ ಮಾತು. ಐಸ್ ಇಡುವ ಮನೆ, ಮೇಲೆ ಹುಲ್ಲುಮಣ್ಣು ಹೊದಿಸಿದ ಕೋಳಿಗೂಡು, ಮೂವರು ಕೂರುವ ಪಾಯಖಾನೆ, ಇವೂ ಕಲ್ಲಿನವೇ. 1996ರಲ್ಲಿ ಈ ಜಾಗ ಹುಲ್ಲುಗಾವಲಿನ ರಾಷ್ಟ್ರೀಯ ಸಂರಕ್ಷಿತ ಪ್ರದೇಶವಾಯಿತು.

ಗುಡ್ಡದ ಮೇಲಿರುವ ಕಲ್ಲುಬೇಲಿಗಳ ಹಿಂದೆ ಕಾನೂನಿದೆ. ದನಗಳನ್ನು ಬೇಕಾಬಿಟ್ಟಿ ಮೇಯಲು ಬಿಡುವುದನ್ನು 1867ರಲ್ಲಿ ರಾಜ್ಯ ನಿಲ್ಲಿಸಿತು, ನಾಲ್ಕೂವರೆ ಅಡಿ ಎತ್ತರದ ಕಲ್ಲುಬೇಲಿ ಕಟ್ಟಿದವರಿಗೆ ಹದಿನಾರೂವರೆ ಅಡಿಗೆ 40 ಸೆಂಟಿನಂತೆ ಹಣ ಕೊಟ್ಟಿತು. ಗಾರೆಯಿಲ್ಲದೆ ಜೋಡಿಸಿದ ಬೇಲಿಗಳು ಎಷ್ಟೋ ಕಡೆ ಇನ್ನೂ ನಿಂತಿವೆ.

ರಾಂಚಿನಿಂದ ಸ್ವಲ್ಪ ದೂರದಲ್ಲಿ, ಬೋಳು ದಿಬ್ಬದ ಮೇಲೆ, ಒಂದೇ ಕೋಣೆಯ ಲೋವರ್ ಫಾಕ್ಸ್ ಕ್ರೀಕ್ ಶಾಲೆ. 1882ರದ್ದು. ರಾಂಚಿನ ಯಜಮಾನ ಕೊಟ್ಟ ಜಾಗದಲ್ಲಿ ಎದ್ದ ಈ ಶಾಲೆ 1930ರವರೆಗೆ ನಡೆಯಿತು. ಮುಚ್ಚಿದ ಮೇಲೆ ಕೆಲಕಾಲ ಹುಲ್ಲು ತುಂಬಿಡುವ ಜಾಗವಾಗಿತ್ತು. ಹಾಳುಬೀಳದಂತೆ ಅದನ್ನು ದುರಸ್ತಿ ಮಾಡಿಸಲು ಮುಂದೆ ಬಂದವರು ಸುತ್ತಮುತ್ತಲಿನ ಗಾರ್ಡನ್ ಕ್ಲಬ್ಬುಗಳವರು. ದೊಡ್ಡ ಇಲಾಖೆಗಳ ಕಣ್ಣು ಬೀಳುವ ಮೊದಲೇ ಊರಿನವರು ಕೈಹಾಕಿದ್ದರು ಎಂಬುದನ್ನು ನಾನು ಅಭಿಮಾನದಿಂದ ನೆನೆಯುತ್ತೇನೆ.

ಇಂಥ ಕಟ್ಟಡಗಳನ್ನು ಅಳೆದು ದಾಖಲಿಸುವ ಕೆಲಸ ಅಮೆರಿಕದಲ್ಲಿ 1933ರಲ್ಲೇ ಶುರುವಾಯಿತು. ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡಿದ್ದ ವಾಸ್ತುಶಿಲ್ಪಿಗಳ ಕೈಗೆ ಸರ್ಕಾರ ಟೇಪು, ಪೆನ್ಸಿಲ್ಲು ಕೊಟ್ಟು, ಅರಮನೆಯಂಥ ಮನೆಗಳ ಜೊತೆಗೆ ಕೊಟ್ಟಿಗೆ, ಗಿರಣಿಗಳನ್ನೂ ಅಳೆಸಿತು. ಆ ಡ್ರಾಯಿಂಗ್‌ಗಳು ಇಂದು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ, ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು.

ನಮ್ಮ ವಿಭಾಗದ ಬೀರುಗಳಲ್ಲೂ ಬ್ಯಾಚಿನಿಂದ ಬ್ಯಾಚಿಗೆ ಹುಡುಗ ಹುಡುಗಿಯರು ಅಳೆದು ಬರೆದ ವಾಡೆಗಳ ಹಾಳೆಗಳು ಸುತ್ತಿಟ್ಟ ಹಾಗೇ ಇವೆ. ಅವುಗಳಲ್ಲಿ ಕೆಲವು ಮನೆಗಳು ಈಗ ನೆಲದ ಮೇಲಿಲ್ಲ. ಆ ಹಾಳೆಗಳನ್ನು ಸ್ಕ್ಯಾನ್ ಮಾಡಿಸಿ ಎಲ್ಲರಿಗೂ ಸಿಗುವಂತೆ ಇಡಲು ತಗಲುವ ಖರ್ಚನ್ನು ಕೊಡುವುದಾಗಿ ನಮ್ಮ ಬ್ಯಾಚಿನ ಗೆಳೆಯರು ಒಪ್ಪಿದ್ದಾರೆ. ಪ್ರಾಂಶುಪಾಲರು ಒಪ್ಪಿಗೆ ಕೊಟ್ಟರೆ ಬರುವ ಬೇಸಿಗೆ ರಜೆಯಲ್ಲೇ ಬಂದು ಕೆಲಸ ಶುರುಮಾಡುತ್ತೇವೆ.