ರಸೀದಿ ಪುಸ್ತಕದ ಮೇಷ್ಟ್ರು

ನಮ್ಮ ಗಣಿತದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಮಾರ್ಚ್ ಕೊನೆಯ ವಾರ. ನನಗೆ ತಲೆ ಎತ್ತಲು ಪುರುಸೊತ್ತಿಲ್ಲದ ಸಮಯ ಅದು. ಬೆಂಗಳೂರಿನ ಒಂದು ಟ್ರಸ್ಟಿನಲ್ಲಿ ದಾನಿಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ತೆರಿಗೆ ಉಳಿಸುವವರ ದಾನವೆಲ್ಲ ಆಗಲೇ ಬರೋದು, ಅಲ್ವಾ?

ಮೇಷ್ಟ್ರು ಕಲಿಸಿದ ಪ್ರಮೇಯಗಳಲ್ಲಿ ಒಂದೂ ನೆನಪಿಲ್ಲ. ಗಣಪತಿ ಚಂದಾದ ರಸೀದಿ ಪುಸ್ತಕ ಮಾತ್ರ ಚೆನ್ನಾಗಿ ನೆನಪಿದೆ. ಅರಸೀಕೆರೆಯ ಅಂಗಡಿ ಬೀದಿಗೆ ನಮ್ಮನ್ನು ಕಳಿಸುವ ಮೊದಲು ಕಾರ್ಬನ್ ಹಾಳೆ ತಿರುಗುಮುರುಗಾಗಿದೆಯಾ ಅಂತ ಅವರೇ ಉಗುರಿನಿಂದ ಗೀರಿ ನೋಡೋರು. ತಪ್ಪು ಬರೆದ ರಸೀದಿಯನ್ನು ಹರಿಯೋ ಹಾಗಿರಲಿಲ್ಲ. ಎರಡೂ ಪ್ರತಿಗೆ ಅಡ್ಡಗೆರೆ ಎಳೆದು, ‘ರದ್ದು’ ಅಂತ ಬರೆದು, ಪುಸ್ತಕದಲ್ಲೇ ಇಡಬೇಕು. "ಒಂದು ನಂಬರ್ ಕಾಣೆಯಾದ್ರೆ ಆ ದುಡ್ಡು ನೀನೇ ತಿಂದೆ ಅಂತಾರೆ ಕಣೋ" ಅನ್ನೋರು.

ಒಂದು ವರ್ಷ ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ಗೊಣಗುತ್ತಾ 11 ರೂಪಾಯಿ ಕೊಟ್ಟರು. ಸಂಜೆ ನಮ್ಮ ಗುಂಪಿನ ಗಂಡಸಿ ಮಂಜ ಮೈಕಿನಲ್ಲಿ ಅವರ ಹೆಸರು ಹೇಳಿ "ನೂರಾ ಒಂದು ರೂಪಾಯಿ!" ಅಂದುಬಿಟ್ಟ. ಜನ ಚಪ್ಪಾಳೆ ತಟ್ಟಿದರು. ಮಾರನೇ ದಿನ ಸಾಹುಕಾರರು ಮುಖ ಸಿಂಡರಿಸಿಕೊಂಡು ಬಂದು ಉಳಿದ 90 ರೂಪಾಯಿ ಎಣಿಸಿ ಇಟ್ಟರು. ಹಳೇ ರಸೀದಿಯನ್ನೇ 101 ಅಂತ ತಿದ್ದೋಣ ಅಂದೆವು. ಮೇಷ್ಟ್ರು ಮಂಜನ ಕಿವಿ ಹಿಂಡುತ್ತಲೇ 90ಕ್ಕೆ ಬೇರೆ ರಸೀದಿ ಬರೆಸಿದರು. ಕೈಗೆ ಬಂದ ದಿನದ ತಾರೀಖು, ಬಂದಷ್ಟೇ ಮೊತ್ತ.

ನನ್ನ ಕೆಲಸವೂ ಇಷ್ಟೇ. ‘ಕೊಡ್ತೀನಿ’ ಅಂದಿದ್ದು ಒಂದು ಕಡೆ, ಬಂದಿದ್ದು ಇನ್ನೊಂದು ಕಡೆ. ವಿದೇಶದ ಹಣವಾದರೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಮೇ 31ರೊಳಗೆ ಪ್ರತಿ ದಾನಿಯ ಹೆಸರು, ವಿಳಾಸ, ಪ್ಯಾನ್, ಮೊತ್ತ ಎಲ್ಲ ಆದಾಯ ತೆರಿಗೆ ಇಲಾಖೆಗೆ ಕೊಡೋ ಫಾರಂನಲ್ಲಿ ತುಂಬಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ದಂಡ. ನಮಗೆ ಒಂದು ಸಲವೂ ಬಿದ್ದಿಲ್ಲ, ಹೇಳಿಕೊಳ್ಳಬಾರದು, ಆದರೂ ಹೇಳ್ತೀನಿ.

ಜಾಸ್ತಿ ತಲೆನೋವು ಹೆಸರುಗಳದ್ದು. ಮಂಜುನಾಥ ಕೆ., ಕೆ. ಮಂಜುನಾಥ್, ಮಂಜುನಾಥಯ್ಯ: ಮೂವರಾ, ಒಬ್ಬರೇನಾ? ನಮ್ಮ ಕ್ಲಾಸಿನಲ್ಲೂ ಮೂವರು ಮಂಜರಿದ್ದರು. ಮೇಷ್ಟ್ರು ಹಾಜರಿಯಲ್ಲಿ ಗಂಡಸಿ ಮಂಜ, ಬಾಣಾವರದ ಮಂಜ, ಜಾವಗಲ್ ಮಂಜ ಅಂತ ಊರು ಸೇರಿಸಿ ಕರೆಯೋರು. ಕಂಪ್ಯೂಟರಿನಲ್ಲಿ ನಾನು ಅದನ್ನೇ ಪಿನ್‌ಕೋಡ್ ಹಿಡಿದು ಮಾಡುತ್ತೇನೆ. ನಮ್ಮ ಆಫೀಸಿನ ಹೊಸ ಹುಡುಗರು ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕು ಅಂತಾರೆ. ಬಂದರೆ ಬರಲಿ.

ಈಗಿನ ಮಕ್ಕಳನ್ನು ಯಾರೂ ಚಂದಾ ಎತ್ತಲು ಕಳಿಸಲ್ಲ. ಗಣಪತಿ ಖರ್ಚೂ ಫೀಸಿನಲ್ಲೇ ಸೇರಿ ಆ್ಯಪ್‌ನಲ್ಲಿ ಹೋಗುತ್ತೆ. ನನ್ನ ಮಗಳ ಪ್ರಾಜೆಕ್ಟನ್ನೂ ದುಡ್ಡು ಕೊಟ್ಟು ಮಾಡಿಸಿಕೊಳ್ಳಿ ಅನ್ನೋ ಕಾಲ ಇದು. ಅಪರಿಚಿತರ ಅಂಗಡಿ ಮುಂದೆ ನಿಂತು ಕೈಚಾಚುವ ಸಂಕೋಚ ಅವರಿಗೆ ಗೊತ್ತೇ ಇಲ್ಲ. ಪಾಪ.

ಮೇಷ್ಟ್ರ ಹೆಸರಿನಲ್ಲಿ ಶಾಲೆಗೆ ಒಂದು ಕೊಠಡಿ ಕಟ್ಟಿಸೋಣ ಅಂತ ನಮ್ಮ ಬ್ಯಾಚಿನವರು ಹೊರಟಿದ್ದೇವೆ. ಗುಂಪಿನಲ್ಲಿ ‘ನಂದು ಹತ್ತು ಸಾವಿರ’ ಅಂದವರ ಪಟ್ಟಿ ಉದ್ದ ಇದೆ. ದುಡ್ಡು ಕಳಿಸಿದವರ ಪಟ್ಟಿ ಗಿಡ್ಡ. ರಸೀದಿ ಬರೆಯುವ ಕೆಲಸ ನಾನೇ ವಹಿಸಿಕೊಂಡಿದ್ದೇನೆ. 2000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ವಿನಾಯಿತಿ ಸಿಗಲ್ಲ, ಚೆಕ್ಕೋ ಯುಪಿಐಯೋ ಮಾಡಿ. ಜೊತೆಗೆ ಪ್ಯಾನ್ ನಂಬರ್, ಪಿನ್‌ಕೋಡ್ ಕಳಿಸಿ. ಮಂಜಂದಿರು ಮೂವರೂ ಇನಿಶಿಯಲ್ ಸಮೇತ ಬರೆಯಿರಿ.