ಪ್ರೆಸ್ಟನ್ನಿನ ಬಾಗಿಲುಗಳು

ನನ್ನ ಕೋಟಿನ ಜೇಬಿಗೆ ಸಿಕ್ಕಿಸಿದ್ದ ಕಪ್ಪು ನಾಮಫಲಕದಲ್ಲಿ ಮನೆತನದ ಹೆಸರಿನ ಹಿಂದೆ 'ಎಲ್ಡರ್' ಎಂದು ಬರೆದಿತ್ತು. ಎಲ್ಡರ್ ಎಂದರೆ ಹಿರಿಯ. ಆಗ ನನಗೆ ಇಪ್ಪತ್ತು ವರ್ಷ. ಅನ್ನಕ್ಕೆ ಎಷ್ಟು ನೀರಿಡಬೇಕೆಂಬುದೂ ಗೊತ್ತಿರಲಿಲ್ಲ. 2017ರ ಸೆಪ್ಟೆಂಬರಿನಿಂದ 2019ರ ಸೆಪ್ಟೆಂಬರಿನವರೆಗೆ ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತ್ಯದಲ್ಲಿ, ಜನ ಮಾರ್ಮನ್ ಎಂದು ಕರೆಯುವ ನಮ್ಮ ಕ್ರೈಸ್ತ ಸಭೆಯ ಮಿಷನರಿಯಾಗಿ, ಆ ಫಲಕವನ್ನು ಧರಿಸಿ ಮಳೆಯಲ್ಲಿ ಓಡಾಡಿದೆ. ಬೆಂಗಳೂರಿನಲ್ಲಿ ಅಜ್ಜಿ ಮಾತ್ರ ಅಕ್ಕಪಕ್ಕದವರಿಗೆಲ್ಲ "ಮೊಮ್ಮಗ ಲಂಡನ್ನಿನಲ್ಲಿ ಓದುತ್ತಿದ್ದಾನೆ" ಎಂದೇ ಹೇಳಿಕೊಂಡು ಬಂದಳು. ಎರಡೂ ಸುಳ್ಳು, ಆದರೆ ನಿಜವನ್ನು ವಿವರಿಸುವ ಕಷ್ಟ ಅವಳಿಗೇ ಗೊತ್ತಿತ್ತು.

ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ನಮ್ಮ ಸಭೆಯ ಮಿಷನ್ ಆರಂಭವಾದದ್ದು 1993ರಲ್ಲಿ. ಅದಾದ ಕೆಲವು ವರ್ಷಗಳ ನಂತರ ಅಪ್ಪ ಸಹೋದ್ಯೋಗಿಯೊಬ್ಬರ ಮೂಲಕ ಸಭೆಗೆ ಬಂದರು, ಅಮ್ಮ ಒಂದು ವರ್ಷ ಯೋಚಿಸಿ ಬಂದರು. ಅಜ್ಜಿ ತನ್ನ ದೇವರ ಕೋಣೆಯನ್ನು ಬಿಡಲಿಲ್ಲ, ಬಿಡು ಎಂದು ಯಾರೂ ಹೇಳಲೂ ಇಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಬೆಳಿಗ್ಗೆ ಒಂದು ಕೋಣೆಯಿಂದ ಊದುಬತ್ತಿಯ ವಾಸನೆಯೂ ಇನ್ನೊಂದು ಕೋಣೆಯಿಂದ ಬೈಬಲ್ ಓದುವ ಧ್ವನಿಯೂ ಒಟ್ಟಿಗೇ ಬರುತ್ತಿದ್ದವು. ಮಿಷನರಿ ಸೇವೆಯೆಂದರೆ ನಮ್ಮಲ್ಲಿ ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಹದಿನೆಂಟು ತಿಂಗಳು. ಸಂಬಳವಿಲ್ಲ, ಮನೆಯವರು ಕೈಲಾದಷ್ಟು ಕೊಡುತ್ತಾರೆ. ಯಾವ ಊರಿಗೆ ಹೋಗಬೇಕೆಂಬುದನ್ನು ನಾವು ಆರಿಸಿಕೊಳ್ಳುವಂತಿಲ್ಲ, ಪತ್ರ ಬಂದ ಮೇಲೆಯೇ ತಿಳಿಯುವುದು. ನನ್ನ ಪತ್ರದಲ್ಲಿ ಇಂಗ್ಲೆಂಡ್ ಎಂದಿದ್ದದ್ದನ್ನು ನೋಡಿ ಅಪ್ಪ ಎರಡು ಸಲ ಓದಿದರು.

ತರಬೇತಿ ನಡೆದದ್ದು ಚೋರ್ಲಿ ಎಂಬ ಪಟ್ಟಣದಲ್ಲಿ. ಅಲ್ಲಿ ಎಂ61 ಹೆದ್ದಾರಿಯ ಪಕ್ಕದಲ್ಲೇ 1998ರಲ್ಲಿ ಪ್ರತಿಷ್ಠಾಪನೆಗೊಂಡ ಬಿಳಿಗಲ್ಲಿನ ದೇವಾಲಯವಿದೆ. ಗೋಪುರದ ತುದಿಯಲ್ಲಿ ಕಹಳೆ ಹಿಡಿದ ಚಿನ್ನದ ಬಣ್ಣದ ದೇವದೂತನಿದ್ದಾನೆ. ಅಲ್ಲಿಂದ ನನ್ನನ್ನು ಕಳಿಸಿದ್ದು ಹತ್ತಿರದಲ್ಲೇ ಇರುವ ಪ್ರೆಸ್ಟನ್ ನಗರಕ್ಕೆ. ಅಮೆರಿಕದಿಂದ ನಮ್ಮ ಸಭೆಯ ಮೊದಲ ಮಿಷನರಿಗಳು ಅಟ್ಲಾಂಟಿಕ್ ದಾಟಿ 1837ರಲ್ಲಿ ಲಿವರ್‌ಪೂಲಿನಲ್ಲಿಳಿದು ಬಂದದ್ದು ಇದೇ ಊರಿಗೆ. ಹೀಬರ್ ಕಿಂಬಲ್ ಎಂಬಾತನ ನೇತೃತ್ವದ ಏಳು ಜನರ ತಂಡ ಅದು. ಆ ವರ್ಷದ ಜುಲೈ 30ರಂದು ಇಲ್ಲಿನ ರಿಬಲ್ ನದಿಯಲ್ಲಿ ಒಂಬತ್ತು ಜನ ದೀಕ್ಷಾಸ್ನಾನ ಪಡೆದರು. ಯಾರು ಮೊದಲಿಗರಾಗಬೇಕೆಂದು ಇಬ್ಬರು ನದಿಯವರೆಗೆ ಓಟದ ಪಂದ್ಯವನ್ನೇ ಕಟ್ಟಿದರು, ಜಾರ್ಜ್ ವಾಟ್ ಎಂಬಾತ ಗೆದ್ದ. ನಾನಿದ್ದ ಕಾಲದಲ್ಲಿ ನಮ್ಮನ್ನು ಕಂಡರೆ ಜನ ಓಡುತ್ತಿದ್ದದ್ದು ನಿಜ, ದಿಕ್ಕು ಮಾತ್ರ ಬೇರೆ.

ದಿನಚರಿಯಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಬೆಳಿಗ್ಗೆ ಆರೂವರೆಗೆ ಎದ್ದು ಪ್ರಾರ್ಥನೆ, ವ್ಯಾಯಾಮ, ತಿಂಡಿ, ಎಂಟರಿಂದ ಗ್ರಂಥಾಧ್ಯಯನ, ಮೊದಲು ಒಬ್ಬರೇ, ಆಮೇಲೆ ಜೊತೆಗಾರನೊಂದಿಗೆ, ಹತ್ತಕ್ಕೆ ಹೊರಗೆ, ರಾತ್ರಿ ಒಂಬತ್ತರ ಹೊತ್ತಿಗೆ ಮನೆಗೆ, ಹತ್ತೂವರೆಗೆ ದೀಪ ಆರಬೇಕು. ಸೋಮವಾರ ಪಿ-ಡೇ, ಅಂದರೆ ಬಟ್ಟೆ ಒಗೆದು, ದಿನಸಿ ತಂದು, ಮನೆಗೆ ಇಮೇಲ್ ಬರೆಯುವ ದಿನ. ಸಿನಿಮಾ ಇಲ್ಲ, ಟಿವಿ ಇಲ್ಲ, ಪ್ರೇಮದ ಮಾತಂತೂ ಇಲ್ಲವೇ ಇಲ್ಲ. ಇವೆಲ್ಲ ಹೊರಗಿನವರಿಗೆ ಕಠಿಣವಾಗಿ ಕಾಣುತ್ತವೆಯಾದರೂ ನನಗೆ ನಿಜಕ್ಕೂ ಕಷ್ಟವಾದದ್ದು ಒಂಟಿತನವಿಲ್ಲದಿರುವುದು. ನಮಗೊಬ್ಬ ಕಂಪ್ಯಾನಿಯನ್ ಇರುತ್ತಾನೆ. ಸ್ನಾನದ ಕೋಣೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಅವನ ಕಣ್ಣಳತೆಯಲ್ಲೇ ಇರಬೇಕು. ಆರು ವಾರಕ್ಕೊಮ್ಮೆ ಬರುವ ಟ್ರಾನ್ಸ್‌ಫರ್ ಕರೆಯಲ್ಲಿ ಅವನೋ ನೀವೋ ಬದಲಾಗಬಹುದು, ಆಗದೆಯೂ ಇರಬಹುದು. ನನ್ನ ಮೊದಲ ಕಂಪ್ಯಾನಿಯನ್ ಐಡಹೊ ರಾಜ್ಯದ ಆಲೂಗಡ್ಡೆ ಹೊಲಗಳ ನಡುವೆ ಬೆಳೆದವನು. ನಾನು ಮಾಡಿದ ಚಿತ್ರಾನ್ನದ ಒಗ್ಗರಣೆಗೆ ಮನೆಯ ಹೊಗೆ ಎಚ್ಚರಿಕೆ ಗಂಟೆ ಬಡಿದುಕೊಂಡಾಗ ಬಾಗಿಲು ತೆರೆದು ಕೋಟನ್ನು ಬೀಸುತ್ತ ನಿಂತ ಅವನು, ಒಂದು ಮಾತೂ ಆಡದೆ ಹೊಗೆ ಹೋದ ಮೇಲೆ ಮೂರು ಸಲ ಬಡಿಸಿಕೊಂಡು ತಿಂದ.

ಬೆಂಗಳೂರಿನಲ್ಲಿ ನಮ್ಮ ಮನೆಗೆ ಬರುತ್ತಿದ್ದ ಮಿಷನರಿಗಳು ಪರಿಚಯದವರು ಕರೆದ ಕಡೆ ಮಾತ್ರ ಹೋಗುತ್ತಿದ್ದರು. ಇಲ್ಲಿ ನಾವು ಬಾಗಿಲು ತಟ್ಟುತ್ತಿದ್ದೆವು. ಕೆಂಪು ಇಟ್ಟಿಗೆಯ ಸಾಲುಮನೆಗಳು. ಒಂದು ಬೀದಿ ಮುಗಿಯುವ ಹೊತ್ತಿಗೆ ನಲವತ್ತು ಸಲ "ಬೇಡಪ್ಪ" ಕೇಳಿಸಿಕೊಂಡಿರುತ್ತಿದ್ದೆವು. ಲ್ಯಾಂಕಾಶೈರಿನವರು ಒರಟರಲ್ಲ; ಕದ ಮುಚ್ಚುವ ಮೊದಲು "ನೆನೆಯುತ್ತಿದ್ದೀರಲ್ಲ ಮಕ್ಕಳೇ" ಎಂದು ಹೇಳಿಯೇ ಮುಚ್ಚುತ್ತಾರೆ. ಒಬ್ಬ ಮುದುಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಿಂದೆ ತಾವು ನಿಮ್ಮ ದೇಶಕ್ಕೆ ಕಳಿಸುತ್ತಿದ್ದುದನ್ನು ನೀವೀಗ ಹಿಂದಿರುಗಿಸಲು ಬಂದಿದ್ದೀರಾ ಎಂದು ಕೇಳಿ ನಕ್ಕರು. ನಾನೂ ನಕ್ಕೆ, ಆದರೆ ಆ ರಾತ್ರಿ ಕಿಟ್ಟೆಲ್ ನೆನಪಾದರು. ಕನ್ನಡಿಗನಿಗೆ ಮಿಷನರಿ ಎಂದರೆ ಮೊದಲು ಕಣ್ಣ ಮುಂದೆ ನಿಲ್ಲುವವರು ಅವರೇ ತಾನೇ: 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದು, 1894ರಲ್ಲಿ ನಮಗೊಂದು ನಿಘಂಟು ಕೊಟ್ಟವರು. ಅವರ ಮತವನ್ನು ಒಪ್ಪದವರೂ ಅವರ ನಿಘಂಟನ್ನು ತೆರೆಯುತ್ತಾರೆ. ನಾನು ಪ್ರೆಸ್ಟನ್ನಿನ ಬೀದಿಗಳಲ್ಲಿ ಬಿಟ್ಟುಬಂದದ್ದು ಒಂದಷ್ಟು ಒದ್ದೆ ಕರಪತ್ರಗಳನ್ನು.

ಈ ಊರಿನಲ್ಲಿ ಗುಜರಾತಿಗಳು ಬಹಳ. ಹತ್ತಿ ಗಿರಣಿಗಳಲ್ಲಿ ದುಡಿಯಲು ಹಿಂದಿನ ತಲೆಮಾರಿನಲ್ಲಿ ಬಂದವರು. ಒಂದು ಮಧ್ಯಾಹ್ನ ಬಾಗಿಲು ತೆರೆದ ಗುಜರಾತಿ ಅಜ್ಜಿಯೊಬ್ಬರು ನನ್ನ ಮುಖ ನೋಡಿದ್ದೇ ತಡ, ಫಲಕವನ್ನು ಓದುವ ಗೊಡವೆಗೂ ಹೋಗದೆ ಒಳಗೆ ಕರೆದು ಕೂರಿಸಿ ಚಹಾಕ್ಕೆ ನೀರಿಟ್ಟರು. ನಾವು ಚಹಾ ಕುಡಿಯುವುದಿಲ್ಲವೆಂದಾಗ ಅವರಿಗೆ ನೋವಾಯಿತು, ಯಾವ ಜಾತಿಯ ಮಡಿಯಿದು ಎಂಬಂತೆ ನೋಡಿದರು. ಕೊನೆಗೆ ಏಲಕ್ಕಿ ಹಾಕಿದ ಬಿಸಿ ಹಾಲು ತಂದುಕೊಟ್ಟು, ತಮ್ಮ ದೇವರು ತಮಗೆ ಸಾಕೆಂದೂ, ಚಳಿಯಾದಾಗ ಹಾಲು ಕುಡಿಯಲು ಬರಬೇಕೆಂದೂ ಹೇಳಿದರು. ನಾನು ಪಾಠ ಹೇಳಲಿಲ್ಲ. ಐಡಹೊದವನು ಹೊರಗೆ ಬಂದ ಮೇಲೆ ಯಾಕೆ ಹೇಳಲಿಲ್ಲ ಎಂದ. ನಮ್ಮ ಅಜ್ಜಿಗೂ ನಾನು ಹೇಳಿಲ್ಲ ಎಂದೆ. ಅದು ಉತ್ತರವಾಗಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಇವತ್ತಿಗೂ ಅದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಒಂದು ತಪ್ಪೊಪ್ಪಿಗೆ. ಪ್ರತಿ ಭಾನುವಾರ ರಾತ್ರಿ ನಾವು ವಾರದ ಲೆಕ್ಕ ಒಪ್ಪಿಸಬೇಕು: ಎಷ್ಟು ಪಾಠ ಹೇಳಿದಿರಿ, ಎಷ್ಟು ಜನ ಸಭೆಗೆ ಬಂದರು, ಎಷ್ಟು ಜನ ದೀಕ್ಷಾಸ್ನಾನಕ್ಕೆ ದಿನ ಗೊತ್ತುಮಾಡಿಕೊಂಡರು. 2017ರ ನವೆಂಬರಿನಲ್ಲಿ ಸತತ ಮೂರು ವಾರ ನಮ್ಮ ಲೆಕ್ಕದ ತುಂಬ ಸೊನ್ನೆಗಳು. ನಾಲ್ಕನೆಯ ವಾರ, ಬಸ್ ನಿಲ್ದಾಣದಲ್ಲಿ ಫುಟ್‌ಬಾಲ್ ಬಗ್ಗೆ ಮಾತಾಡಿದ ಒಬ್ಬ ಹುಡುಗನನ್ನು ನಾನು ಪಾಠವೆಂದು ಎಣಿಸಿ ಫೋನಿನಲ್ಲಿ ಹೇಳಿಬಿಟ್ಟೆ. ಕಂಪ್ಯಾನಿಯನ್ ಕೇಳಿಸಿಕೊಂಡ, ಏನೂ ಅನ್ನಲಿಲ್ಲ. ರಾತ್ರಿಯ ಪ್ರಾರ್ಥನೆ ಅವನ ಸರದಿಯಾಗಿತ್ತು, ಆ ಹುಡುಗನ ಹೆಸರು ಹಿಡಿದು ಅವನಿಗಾಗಿ ಪ್ರಾರ್ಥಿಸಿದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಫೋನ್ ಮಾಡಿ ಲೆಕ್ಕವನ್ನು ತಿದ್ದಿಸಿದೆ. ಸೊನ್ನೆಯನ್ನು ಸೊನ್ನೆಯೆಂದು ಹೇಳುವುದು ನನಗೆ ಅಭ್ಯಾಸವಾದದ್ದು ಆಮೇಲೆ.

ಪ್ರಾರ್ಥನೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಪ್ರಾರ್ಥಿಸುವಾಗ ನಮ್ಮವರು ದೇವರನ್ನು ದಿನಬಳಕೆಯ 'ಯೂ' ಎನ್ನದೆ 'ದೌ', 'ದೀ' ಎಂಬ ಹಳೆಯ ರೂಪಗಳಿಂದ ಕರೆಯುತ್ತಾರೆ; ಗೌರವ ತೋರಿಸುವ ಭಾಷೆಯಿದು ಎಂದು ನಮಗೆ ಕಲಿಸಿದ್ದರು. ಒಂದು ಕಾಲಕ್ಕೆ ಅವು ಆತ್ಮೀಯರನ್ನು ಕರೆಯುವ ಏಕವಚನವೇ ಆಗಿದ್ದವಂತೆ, ಬಳಕೆ ತಪ್ಪಿ ಗೌರವವಾದವು. ಕನ್ನಡದಲ್ಲಿ ಅಪ್ಪನನ್ನು 'ನೀವು' ಎನ್ನುವ ನಾನು ದೇವರನ್ನು 'ನೀನು' ಎನ್ನುತ್ತೇನೆ. ವಚನಕಾರರೂ ದಾಸರೂ ರೂಢಿಸಿಟ್ಟ ಸಲಿಗೆಯದು. ಮತ ಬೇರೆಯಾದರೂ ನನ್ನ ನಾಲಗೆಗೆ ಬಂದಿದೆ. ಹಗಲೆಲ್ಲ ಬೇರೆಯವರ ಮನೆಗಳಲ್ಲಿ 'ದೌ' ಎಂದು ಪ್ರಾರ್ಥಿಸಿ, ರಾತ್ರಿ ಮಂಚದ ಪಕ್ಕ ಮಂಡಿಯೂರಿದಾಗ 'ನೀನು' ಎನ್ನುತ್ತಿದ್ದೆ. ಹಾಗೆಯೇ ನಮ್ಮ ಸಾಕ್ಷಿ ಹೇಳುವ ಪದ್ಧತಿ: "ಇದು ಸತ್ಯವೆಂದು ನನಗೆ ಗೊತ್ತು" ಎನ್ನಬೇಕು. ಇಂಗ್ಲಿಷಿನಲ್ಲಿ ಅದು ಸಲೀಸಾಗಿ ಬರುತ್ತಿತ್ತು. ಕನ್ನಡದಲ್ಲಿ ಅಂದುಕೊಂಡರೆ "ಗೊತ್ತು" ಎಂಬ ಮಾತು ಗಂಟಲಲ್ಲೇ ನಿಲ್ಲುತ್ತಿತ್ತು. "ನಂಬಿದ್ದೇನೆ" ಎಂಬಲ್ಲಿಗೆ ಬರುತ್ತಿದ್ದೆ. ಅದನ್ನು ನನ್ನ ನಂಬಿಕೆಯ ಕೊರತೆ ಎಂದು ಬಹಳ ತಿಂಗಳು ಬಾಧೆಪಟ್ಟೆ. ಈಗ ಹಾಗನ್ನಿಸುವುದಿಲ್ಲ. ನಂಬಿದ್ದರಿಂದಲೇ ಮರುದಿನ ಮತ್ತೆ ನಲವತ್ತು ಬಾಗಿಲು ತಟ್ಟಲು ಹೋಗುತ್ತಿದ್ದೆ. ಗೊತ್ತಿದ್ದಿದ್ದರೆ ಇಷ್ಟು ಸಲ ಪ್ರಾರ್ಥಿಸುವ ಅಗತ್ಯವೇನಿತ್ತು?

2018ರ ಏಪ್ರಿಲ್ 1, ಈಸ್ಟರ್ ಭಾನುವಾರ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆಯುವ ನಮ್ಮ ಸಭೆಯ ಮಹಾಸಮ್ಮೇಳನದ ಕೊನೆಯ ಅಧಿವೇಶನ ನಮಗೆ ರಾತ್ರಿ ಒಂಬತ್ತಕ್ಕೆ ಶುರುವಾಗುವುದರಿಂದ ನಾವು ನೋಡದೆ ಮಲಗಿದ್ದೆವು. ಬೆಳಿಗ್ಗೆ ಸಭೆಯ ಸದಸ್ಯೆಯೊಬ್ಬರು ಫೋನ್ ಮಾಡಿ, ನಿಮ್ಮ ಊರಿನ ಹೆಸರನ್ನು ಹೇಗೆ ಉಚ್ಚರಿಸುವುದು ಎಂದು ಕೇಳಿದರು. ಯಾಕೆಂದು ತಿಳಿಯದೆ "ಬೆಂಗಳೂರು" ಎಂದೆ. ಸಭೆಯ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಹೊಸದಾಗಿ ಘೋಷಿಸಿದ ಏಳು ದೇವಾಲಯಗಳಲ್ಲಿ ಬೆಂಗಳೂರೂ ಒಂದು, ಭಾರತದ ಮೊದಲನೆಯದು. ನಮ್ಮಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಸಾವಿನಾಚೆಗೂ ಒಂದು ಕುಟುಂಬವಾಗಿ ಬೆಸೆಯುವ ವಿಧಿ ದೇವಾಲಯದಲ್ಲಿ ಮಾತ್ರ ನಡೆಯುತ್ತದೆ. ಅದಕ್ಕಾಗಿ ಅಪ್ಪ ಅಮ್ಮ ವರ್ಷಗಟ್ಟಲೆ ಹಣ ಕೂಡಿಟ್ಟು ನಮ್ಮನ್ನು ಹಾಂಗ್‌ಕಾಂಗ್‌ಗೆ ಕರೆದೊಯ್ದಿದ್ದರು. ಆ ವರ್ಷ ದೀಪಾವಳಿಗೆ ಯಾರಿಗೂ ಹೊಸ ಬಟ್ಟೆ ಇರಲಿಲ್ಲ. ಮನೆಗೆ ಬರೆಯೋಣವೆಂದು ಗ್ರಂಥಾಲಯಕ್ಕೆ ಓಡಿದರೆ ಈಸ್ಟರ್ ಸೋಮವಾರದ ರಜೆ, ಬೀಗ. ಅದರ ಮೆಟ್ಟಿಲ ಮೇಲೆ ಕೂತು ನಾನು ಅತ್ತದ್ದನ್ನು ಆಗಿನ ಕಂಪ್ಯಾನಿಯನ್ ರಜೆಯ ದುಃಖವೆಂದೇ ತಿಳಿದಿದ್ದ.

ಆ ಎರಡು ವರ್ಷಗಳಲ್ಲಿ ನಮ್ಮ ಕೈಯಿಂದ ದೀಕ್ಷಾಸ್ನಾನ ಪಡೆದವರು ಮೂವರು. ಅವರಲ್ಲೊಬ್ಬರು ಲಾರಿ ಓಡಿಸಿ ನಿವೃತ್ತರಾದವರು, ಆರಡಿ ಮೇಲೆ ನಾಲ್ಕಂಗುಲ ಎತ್ತರ. ಹೆಂಡತಿ ತೀರಿಕೊಂಡ ಮೇಲೆ ಮಾತಿಗೆ ಜನ ಬೇಕಾಗಿ ನಮ್ಮನ್ನು ಒಳಗೆ ಕರೆದಿದ್ದರು. ಮಾರ್ಮನ್ ಗ್ರಂಥವನ್ನು ಪೆನ್ಸಿಲ್ ಹಿಡಿದು, ಅಂಚಿನಲ್ಲಿ ಜಗಳ ಬರೆಯುತ್ತ ಓದಿದರು. ಹೆಂಡದ ನಿಷೇಧಕ್ಕೆ ತಕರಾರಿರಲಿಲ್ಲ, ಸಿಗರೇಟನ್ನು ಎಂದೋ ಬಿಟ್ಟಿದ್ದರು. 1833ರ ದೈವಪ್ರಕಟನೆಯೊಂದರಲ್ಲಿ ಬರುವ 'ಬಿಸಿ ಪಾನೀಯ' ಎಂಬ ಮಾತಿಗೆ ಚಹಾ, ಕಾಫಿ ಎಂದು ಅರ್ಥ ಎಂದು ವಿವರಿಸಿದಾಗ ಮಾತ್ರ ಅವರು ಪುಸ್ತಕ ಮುಚ್ಚಿ, ನನ್ನನ್ನೇ ಬಹಳ ಹೊತ್ತು ನೋಡಿದರು. ಲ್ಯಾಂಕಾಶೈರಿನಲ್ಲಿ ಚಹಾವನ್ನು 'ಬ್ರೂ' ಎನ್ನುತ್ತಾರೆ. ಸಾವಿನ ಮನೆಯಲ್ಲೂ ಮೊದಲು ಇಡುವುದು ಅದಕ್ಕೆ ನೀರನ್ನೇ. ದಿನಕ್ಕೆ ಹನ್ನೊಂದು ಕಪ್ಪು ಕುಡಿಯುತ್ತಿದ್ದ ಮನುಷ್ಯ. ಅಜ್ಜಿ ಬೆಳಿಗ್ಗೆ ಫಿಲ್ಟರಿನಿಂದ ಇಳಿಸುವ ಡಿಕಾಕ್ಷನ್ನಿನ ವಾಸನೆಗೇ ಎದ್ದು, ಅದರ ರುಚಿ ನೋಡದೆ ಬೆಳೆದವನು ನಾನು ಎಂದು ಅವರಿಗೆ ಹೇಳಿದೆ. ಅದು ಉಪದೇಶವಾಗಿ ಕೇಳಲಿಲ್ಲವೇನೋ, "ನಿನಗೆ ನನಗಿಂತ ಕಷ್ಟ" ಎಂದರು. ಏಳು ವಾರ ಹಿಡಿಯಿತು. ಕೊನೆಯ ಕಪ್ಪನ್ನು ನಮ್ಮೆದುರಿಗೇ ತೊಳೆದು ಕವುಚಿಟ್ಟರು.

ದೀಕ್ಷಾಸ್ನಾನದಲ್ಲಿ ಇಡೀ ದೇಹ ನೀರಿನಲ್ಲಿ ಮುಳುಗಬೇಕು, ಇಬ್ಬರು ಸಾಕ್ಷಿಗಳು ಎರಡು ಬದಿಯಿಂದ ನೋಡುತ್ತಿರುತ್ತಾರೆ. ಬಿಳಿ ಬಟ್ಟೆ ತೊಟ್ಟು ಸೊಂಟದವರೆಗಿನ ನೀರಿನಲ್ಲಿ ನಿಂತು ನಾನು ಅವರ ಮಣಿಕಟ್ಟು ಹಿಡಿದು, ಮಾತು ಮುಗಿಸಿ, ಹಿಂದಕ್ಕೆ ಬಾಗಿಸಿದೆ. ನನ್ನ ತೂಕ ಐವತ್ತೆಂಟು ಕಿಲೋ. ಅವರ ಎಡ ಮಂಡಿ ಮೇಲಕ್ಕೆದ್ದಿತು, ಸಾಕ್ಷಿ ತಲೆಯಾಡಿಸಿದರು. ಎರಡನೆಯ ಸಲ ಹೆಬ್ಬೆರಳು. ಮೂರನೆಯ ಸಲ ಅವರೇ ನನ್ನ ಕಿವಿಯಲ್ಲಿ "ಒತ್ತು ಮಗನೇ, ನಾನು ಒಡೆಯುವ ಸಾಮಾನಲ್ಲ" ಎಂದರು. ಒತ್ತಿದೆ. ಎದ್ದು ನಿಂತಾಗ ಅವರು ಅಳುತ್ತಿದ್ದರೋ ನೀರು ಇಳಿಯುತ್ತಿತ್ತೋ ತಿಳಿಯಲಿಲ್ಲ, ನನ್ನ ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ.

ಮೊದಲೆಲ್ಲ ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ಅವಕಾಶ, ಕ್ರಿಸ್ಮಸ್ ಮತ್ತು ತಾಯಂದಿರ ದಿನ. 2019ರ ಫೆಬ್ರುವರಿಯಲ್ಲಿ ವಾರಕ್ಕೊಮ್ಮೆ ಮಾತಾಡಬಹುದೆಂದು ನಿಯಮ ಬದಲಾಯಿತು. ಮುಂದಿನ ಸೋಮವಾರವೇ ಮಾಡಿದೆ. ಅಜ್ಜಿ ಎತ್ತಿದಳು. ಕನ್ನಡ ಬಾಯಿಗೆ ಬರಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳು ಊಟ, ಚಳಿ, ಜಡೆಯಷ್ಟು ಬೆಳೆದಿರಬಹುದಾದ ನನ್ನ ಕೂದಲು, ಎಲ್ಲದರ ಬಗ್ಗೆ ಕೇಳಿ ಮುಗಿಸಿದ್ದಳು. ಲಾರಿಯವರು ಚಹಾ ಬಿಟ್ಟ ಕತೆ ಹೇಳಿದೆ. ಅಜ್ಜಿ ಸುಮ್ಮನಿದ್ದು, "ಪಾಪ, ಆ ವಯಸ್ಸಿನಲ್ಲಿ ಯಾಕೆ ಬಿಡಿಸಿದೆಯೋ" ಎಂದಳು.

ಹಿಂದಿರುಗಿ ಬಂದ ಮೇಲೆ ಫಲಕವನ್ನು ತೆಗೆದಿಟ್ಟೆ, ಕೆಲಸಕ್ಕೆ ಸೇರಿದೆ. ಲಾರಿಯವರು ಪ್ರತಿ ಕ್ರಿಸ್ಮಸ್ಸಿಗೆ ಒಂದು ಸಂದೇಶ ಕಳಿಸುತ್ತಾರೆ. ಚಹಾದ ಬದಲು ಕುಡಿಯುವ ಬಾರ್ಲಿ ಪುಡಿ ಇನ್ನೂ ಒದ್ದೆ ರಟ್ಟಿನ ಹಾಗೇ ಇದೆಯಂತೆ. ಅಜ್ಜಿಗೆ ಅದನ್ನು ಓದಿ ಹೇಳಿದರೆ, ಅದಕ್ಕೆ ಸ್ವಲ್ಪ ಬೆಲ್ಲ ಹಾಕಿಕೊಳ್ಳಲು ಹೇಳು ಎನ್ನುತ್ತಾಳೆ.